ನೆಲ ಮುಟ್ಟಿದ ಮೇಲೆ

'ರನ್‌ವೇಯಿಂದ ಜಾರಿದ ವಿಮಾನ' ಎಂಬ ತಲೆಬರಹ ನಮ್ಮ ಪತ್ರಿಕೆಗಳಲ್ಲಿ ಮಳೆಗಾಲದಲ್ಲಿ ಆಗಾಗ ಕಾಣಿಸಿಕೊಳ್ಳುವುದುಂಟು. 2025ರ ಜುಲೈ 21ರಂದು ಕೊಚ್ಚಿಯಿಂದ ಮುಂಬಯಿಗೆ ಬಂದ ಏರ್ ಇಂಡಿಯಾ ವಿಮಾನವೊಂದು ಭಾರಿ ಮಳೆಯಲ್ಲಿ ಇಳಿದು, ರನ್‌ವೇಯ ಅಂಚನ್ನು ದಾಟಿ ಹೊರಕ್ಕೆ ಹೋಯಿತು. ಅನಂತರ ತಾನೇ ಉರುಳಿಕೊಂಡು ನಿಲುಗಡೆಗೆ ಬಂದು ಸೇರಿತು. ಪ್ರಯಾಣಿಕರಿಗೆ ಅಪಾಯವಾಗಲಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ, 2023ರ ಸೆಪ್ಟೆಂಬರ್ 14ರಂದು, ಅದೇ ನಿಲ್ದಾಣದಲ್ಲಿ, ಅಂಥದೇ ಮಳೆಯಲ್ಲಿ, ವಿಶಾಖಪಟ್ಟಣದಿಂದ ಬಂದ ಚಿಕ್ಕ ಜೆಟ್ ವಿಮಾನವೊಂದು ಪಕ್ಕಕ್ಕೆ ನುಗ್ಗಿ ಮುರಿದು ಬಿತ್ತು. ಒಳಗಿದ್ದ 8 ಮಂದಿಯೂ ಗಾಯಗೊಂಡರೂ ಬದುಕಿ ಉಳಿದರು. ಎರಡು ಸಲವೂ ನಾವು ಓದಿದ ಕ್ರಿಯಾಪದ ಒಂದೇ: ಜಾರಿತು.

ಈ ಮಾತಿನ ಮೇಲೆ ನನಗೆ ಸ್ವಲ್ಪ ತಕರಾರಿದೆ. ಪಾಚಿಗಟ್ಟಿದ ಅಂಗಳದಲ್ಲಿ ಕಾಲಿಟ್ಟವನು ಜಾರುತ್ತಾನೆ. ಅಲ್ಲಿ ತಪ್ಪು ಪಾಚಿಯದು, ಹೆಚ್ಚೆಂದರೆ ಕಾಲಿನದು. 'ಜಾರಿತು' ಎಂದೊಡನೆ ಕಾರಣವೆಲ್ಲ ಆ ಒಂದು ಕ್ಷಣದಲ್ಲಿ, ಆ ಒಂದು ಗೇಣು ನೆಲದಲ್ಲಿ ಮುಗಿದುಹೋಗುತ್ತದೆ. ಅಷ್ಟೇ ಅಲ್ಲ, ಸ್ವಭಾವದಲ್ಲಿ ಬೇರೆಬೇರೆಯಾದ ಎರಡು ವಿಪತ್ತುಗಳನ್ನು ಅದು ಒಂದೇ ಮಡಕೆಗೆ ಹಾಕುತ್ತದೆ. ನಿಲ್ಲಲಾರದೆ ರನ್‌ವೇಯ ಕೊನೆಯನ್ನು ದಾಟಿಹೋಗುವುದು ಒಂದು. ನಿಲ್ಲಲು ಬೇಕಾದಷ್ಟು ಜಾಗವಿದ್ದರೂ ದಿಕ್ಕಿನ ಹಿಡಿತ ತಪ್ಪಿ ಪಕ್ಕಕ್ಕೆ ಹೋಗುವುದು ಇನ್ನೊಂದು. ಮೊದಲನೆಯದನ್ನು ಕುರಿತು ಎಲ್ಲರೂ ಮಾತನಾಡುತ್ತಾರೆ. ಎರಡನೆಯದು ಹೆಚ್ಚು ಸಲ ಪ್ರಾಣ ತೆಗೆಯದ ಕಾರಣ ಬೇಗ ಮರೆತುಹೋಗುತ್ತದೆ. ಆದರೆ ವಿಚಾರ ಮಾಡುವವರಿಗೆ ಅದರಲ್ಲಿ ಕಲಿಯತಕ್ಕದ್ದು ಬಹಳವಿದೆಯೆಂದು ನನ್ನ ಭಾವನೆ. ಮುಂಬಯಿಯ ಎರಡು ಪ್ರಕರಣಗಳ ತೀರ್ಪು ನನ್ನ ಕೆಲಸವಲ್ಲ. ನಾನು ವೈಮಾನಿಕನೂ ಅಲ್ಲ. ತನಿಖೆಯ ವರದಿಗಳನ್ನು ಕುತೂಹಲದಿಂದ ಓದುವ ಒಬ್ಬ ಸಾಮಾನ್ಯ ಪ್ರಯಾಣಿಕನಾಗಿ ನನಗೆ ಕಂಡದ್ದನ್ನು ಹೇಳುತ್ತೇನೆ.

ಆಕಾಶದಲ್ಲಿ ವಿಮಾನವನ್ನು ತಿರುಗಿಸುವುದು ರೆಕ್ಕೆ ಮತ್ತು ಬಾಲಗಳ ಮೇಲೆ ಹರಿಯುವ ಗಾಳಿ. ನೆಲದ ಮೇಲೆ ಮೆಲ್ಲನೆ ಹೋಗುವಾಗ ತಿರುಗಿಸುವುದು ಮುಂದಿನ ಚಕ್ರ. ಇವೆರಡರ ನಡುವೆ ಕೆಲವು ಕ್ಷಣಗಳ ಸಂಧಿಕಾಲವೊಂದುಂಟು. ವಿಮಾನ ಗಂಟೆಗೆ ಇನ್ನೂರು, ಇನ್ನೂರೈವತ್ತು ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿದಾಗ ಬಾಲದ ಚುಕ್ಕಾಣಿಗೆ ಇನ್ನೂ ಬಲವಿರುತ್ತದೆ. ವೇಗ ಇಳಿದಂತೆ ಆ ಬಲ ಸೋರಿಹೋಗುತ್ತದೆ, ಚಕ್ರದ ಹಿಡಿತ ಕೂಡುತ್ತ ಬರುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ತುಂಬಿದ ಕೊಡವನ್ನು ದಾಟಿಸುವ ಹೊತ್ತು ಅದು. ಮೊದಲ ಕೈ ಬೇಗ ಬಿಟ್ಟಿತೋ, ಎರಡನೆಯ ಕೈಗೆ ಒದ್ದೆಯಿಂದ ಹಿಡಿತ ಸಿಗಲಿಲ್ಲವೋ, ಕೊಡ ನೆಲದ ಪಾಲು.

ಹಿಂದಿನ ವಿಮಾನಗಳಲ್ಲಿ ಈ ಕಷ್ಟ ಇನ್ನೂ ಹೆಚ್ಚಾಗಿತ್ತು. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ಹಳಬರು ಬಲ್ಲರು. ಅದರ ಎರಡು ದೊಡ್ಡ ಚಕ್ರಗಳು ಮುಂದೆ, ಪುಟ್ಟ ಚಕ್ರವೊಂದು ಬಾಲದ ಅಡಿಯಲ್ಲಿ. ಡಕೋಟಾ ವಿಮಾನವೂ ಹಾಗೆಯೇ. ಈ ರಚನೆಯಲ್ಲಿ ಭಾರದ ಕೇಂದ್ರ ದೊಡ್ಡ ಚಕ್ರಗಳಿಗಿಂತ ಹಿಂದೆ ಬೀಳುತ್ತದೆ. ವಿಮಾನ ಒಮ್ಮೆ ಸ್ವಲ್ಪ ಓರೆಯಾಯಿತೆನ್ನಿ, ಹಿಂದಿನ ಭಾರ ಮುಂದಕ್ಕೆ ಬರಲು ಹವಣಿಸಿ ಆ ಓರೆಯನ್ನು ಇನ್ನಷ್ಟು ಬೆಳೆಸುತ್ತದೆ. ಗರಿಯನ್ನು ಮುಂದೆ ಮಾಡಿ ಎಸೆದ ಬಾಣ ಗಾಳಿಯಲ್ಲೇ ತಿರುಗುವುದಿಲ್ಲವೆ, ಹಾಗೆ. ಚಾಲಕನ ಪಾದ ಅರೆಕ್ಷಣ ಮೈಮರೆತರೂ ವಿಮಾನ ಗಿರಕಿ ಹೊಡೆದು ರೆಕ್ಕೆಯ ತುದಿಯನ್ನು ನೆಲಕ್ಕೆ ಉಜ್ಜುತ್ತಿತ್ತು. ಮೂಗಿನ ಅಡಿಯಲ್ಲಿ ಚಕ್ರವಿಟ್ಟು, ದೊಡ್ಡ ಚಕ್ರಗಳನ್ನು ಭಾರದ ಕೇಂದ್ರಕ್ಕಿಂತ ಹಿಂದಕ್ಕೆ ಸರಿಸಿದ ಮೇಲೆ ಈ ಅಪಾಯ ಬಹುಮಟ್ಟಿಗೆ ತಗ್ಗಿತು. ಓರೆಯಾದ ವಿಮಾನವನ್ನು ಅದರ ಭಾರವೇ ನೆಟ್ಟಗೆ ಮಾಡತೊಡಗಿತು.

ತಗ್ಗಿತು ಎಂದೆ, ಹೋಗಲಿಲ್ಲ. ಏಕೆಂದರೆ ಜೆಟ್ ವಿಮಾನದೊಡನೆ ಇನ್ನೊಂದು ಅಗತ್ಯ ಬಂತು: ಬೇಗ ನಿಲ್ಲುವುದು.

ನಿಲ್ಲುವುದಕ್ಕೂ ನೇರ ಹೋಗುವುದಕ್ಕೂ ನಡುವೆ ಒಂದು ವೈರವಿದೆ. ಸೈಕಲ್ ತುಳಿದವರಿಗೆಲ್ಲ ಅದು ಗೊತ್ತು. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಬಿಗಿಯಾಗಿ ಹಿಡಿದರೆ ಚಕ್ರ ಉರುಳುವುದನ್ನು ಬಿಟ್ಟು ಉಜ್ಜುತ್ತದೆ. ಉಜ್ಜುವ ಚಕ್ರಕ್ಕೆ ದಿಕ್ಕು ತಿಳಿಯದು. ಟಯರಿಗೂ ನೆಲಕ್ಕೂ ನಡುವಿನ ಹಿಡಿತವೆಂಬುದು ಮಿತವಾದ ವರಮಾನ. ಬ್ರೇಕಿಗೆ ಖರ್ಚು ಮಾಡಿದಷ್ಟು ಪಕ್ಕಕ್ಕೆ ಹೋಗದಂತೆ ತಡೆಯುವುದಕ್ಕೆ ಉಳಿಯುವುದಿಲ್ಲ. ನೀರು ನಿಂತ ರನ್‌ವೇಯಲ್ಲಂತೂ ಈ ವರಮಾನವೇ ಇಲ್ಲವಾಗಬಹುದು. ಟಯರಿನ ಒತ್ತಡ ಚದರ ಅಂಗುಲಕ್ಕೆ 200 ಪೌಂಡು ಇದ್ದರೆ, ಗಂಟೆಗೆ ಸುಮಾರು 235 ಕಿಲೋಮೀಟರ್ ವೇಗದಲ್ಲಿ ಟಯರು ನೀರಿನ ಪದರದ ಮೇಲೆಯೇ ತೇಲತೊಡಗಬಹುದೆಂದು ಒಂದು ಪ್ರಸಿದ್ಧ ಲೆಕ್ಕಾಚಾರ ಹೇಳುತ್ತದೆ. ವಿಮಾನಗಳು ಇಳಿಯುವ ವೇಗವೂ ಹೆಚ್ಚುಕಡಿಮೆ ಅದೇ!

ಅಡ್ಡಗಾಳಿ ಸೇರಿದರೆ ಸಂಗತಿ ಇನ್ನೂ ಜಟಿಲವಾಗುತ್ತದೆ. ಬಾಲದ ನೆಟ್ಟನೆಯ ಹಲಗೆಗೆ ಗಾಳಿ ಬಡಿದು, ದೇವಾಲಯದ ಮೇಲಿನ ಪತಾಕೆಯ ಕೋಲಿನಂತೆ ವಿಮಾನ ಗಾಳಿಯ ಕಡೆಗೆ ಮೂಗು ತಿರುಗಿಸುತ್ತದೆ. ಈ ಸ್ಥಿತಿಯಲ್ಲಿ ಚಾಲಕನು ಎಂಜಿನ್ನುಗಳ ಹಿಮ್ಮುಖ ನೂಕನ್ನು ಬಳಸಿದರೆ ಅದು ವಿಮಾನವನ್ನು ರನ್‌ವೇಯ ಉದ್ದಕ್ಕೆ ಹಿಂದೆಳೆಯುವುದಿಲ್ಲ, ಬಾಲ ಇರುವ ದಿಕ್ಕಿಗೆ ಎಳೆಯುತ್ತದೆ. ಅಂದರೆ ಗಾಳಿ ಯಾವ ಅಂಚಿನ ಕಡೆಗೆ ತಳ್ಳುತ್ತಿದೆಯೋ ಆ ಅಂಚಿನ ಕಡೆಗೇ. ಇದಕ್ಕೆ ವಿಮಾನಶಾಸ್ತ್ರ ಹೇಳುವ ಪರಿಹಾರ ವಿಚಿತ್ರವಾದದ್ದು: ಹಿಮ್ಮುಖ ನೂಕನ್ನು ತಗ್ಗಿಸು, ಬ್ರೇಕನ್ನು ಸಡಿಲಬಿಡು, ಮೊದಲು ನೆಟ್ಟಗಾಗು, ಆಮೇಲೆ ನಿಲ್ಲಿಸಲು ನೋಡು. ರನ್‌ವೇಯ ಕೊನೆ ಕಣ್ಣೆದುರಿಗೆ ಓಡಿಬರುತ್ತಿರುವಾಗ ನಿಲ್ಲಿಸುವ ಸಾಧನವನ್ನು ಕೈಬಿಡಬೇಕೆಂದರೆ ಮನುಷ್ಯನ ಕೈ ಒಪ್ಪೀತೆ? ನನಗೆ ಈ ಪ್ರಶ್ನೆಯೇ ವಿಷಯದ ಹೃದಯವೆಂದು ತೋರುತ್ತದೆ.

ಇದಕ್ಕೆ ಅಮೆರಿಕದ ಒಂದು ಪ್ರಕರಣ ಒಳ್ಳೆಯ ನಿದರ್ಶನ. 2015ರ ಮಾರ್ಚ್ 5ರ ಬೆಳಗ್ಗೆ ಡೆಲ್ಟಾ ಸಂಸ್ಥೆಯ ಎಂಡಿ-88 ವಿಮಾನ ಅಟ್ಲಾಂಟಾದಿಂದ ನ್ಯೂಯಾರ್ಕಿನ ಲಗ್ವಾರ್ಡಿಯಾ ನಿಲ್ದಾಣಕ್ಕೆ ಬಂತು. ಹಿಮ ಬೀಳುತ್ತಿತ್ತು. ಅಲ್ಲಿಯ ರನ್‌ವೇ ಸುಮಾರು 7,000 ಅಡಿ. ಪಕ್ಕದಲ್ಲೂ ತುದಿಯಲ್ಲೂ ಫ್ಲಶಿಂಗ್ ಕೊಲ್ಲಿಯ ನೀರು. ನಿಲ್ಲಿಸುವುದು ಸಾಧ್ಯವೇ ಎಂದು ಚಾಲಕರಿಬ್ಬರೂ ದಾರಿಯುದ್ದಕ್ಕೂ ಯೋಚಿಸಿದ್ದರು, ಲೆಕ್ಕ ಹಾಕಿದ್ದರು. ಮುಂಚೆ ಇಳಿದ ವಿಮಾನಗಳವರು ಬ್ರೇಕಿನ ಹಿಡಿತ ಚೆನ್ನಾಗಿದೆಯೆಂದು ತಿಳಿಸಿದ್ದರಿಂದ ಇಳಿಯಲು ನಿರ್ಧರಿಸಿದರು. ಮೋಡ ಸರಿದಾಗ ಅವರಿಗೆ ಕಂಡದ್ದು ಮಾತ್ರ ಬಿಳಿಯ ರನ್‌ವೇ. ಹಿಮವನ್ನು ತೆಗೆದಿರುತ್ತಾರೆಂಬ ಎಣಿಕೆ ಸುಳ್ಳಾಗಿತ್ತು. ವಿಮಾನ ಸರಿಯಾಗಿಯೇ ನೆಲ ಮುಟ್ಟಿತು. ನಾಯಕ ಹಿಮ್ಮುಖ ನೂಕನ್ನು ಎಳೆದ. ಹೆಚ್ಚಾಗಿ ಎಳೆದ.

ಈ ಬಗೆಯ ವಿಮಾನದ ಎಂಜಿನ್ನುಗಳು ರೆಕ್ಕೆಯ ಕೆಳಗಿಲ್ಲ, ಬಾಲದ ಎರಡು ಬದಿಗಳಲ್ಲಿವೆ. ಹಿಮ್ಮುಖ ನೂಕಿಗಾಗಿ ಎಂಜಿನ್ನಿನ ಹಿಂದೆ ಎರಡು ಕದಗಳು ಮುಚ್ಚಿಕೊಂಡು ಉರಿಗಾಳಿಯನ್ನು ಮುಂದಕ್ಕೆ ತಿರುಗಿಸುತ್ತವೆ. ಆ ಗಾಳಿ ವಿಪರೀತವಾದರೆ ಬಾಲದ ಚುಕ್ಕಾಣಿಯ ಮೇಲೆ ಸರಾಗವಾಗಿ ಹರಿಯಬೇಕಾದ ಗಾಳಿಯೇ ಕದಡಿಹೋಗಿ ಚುಕ್ಕಾಣಿ ನಿಷ್ಪ್ರಯೋಜಕವಾಗುತ್ತದೆ. ಎಂಜಿನ್ನಿನ ಹೊರಗಣ ಒತ್ತಡಕ್ಕೂ ಒಳಬಾಯಿಯ ಒತ್ತಡಕ್ಕೂ ಇರುವ ಪ್ರಮಾಣದಿಂದ ಈ ನೂಕನ್ನು ಅಳೆಯುತ್ತಾರೆ. ಜಾರುವ ರನ್‌ವೇಯಲ್ಲಿ ಆ ಪ್ರಮಾಣ 1.3ನ್ನು ಮೀರಬಾರದು. ಲಗ್ವಾರ್ಡಿಯಾದಲ್ಲಿ ಅದು ಎರಡರ ಆಸುಪಾಸಿಗೆ ಏರಿತ್ತು. ವಿಮಾನ ಎಡಕ್ಕೆ ತಿರುಗತೊಡಗಿತು. ನೂಕನ್ನು ಬಿಡುವಂತೆ ಸಹಚಾಲಕ ಕೂಗಿ ಹೇಳಿದ, ನಾಯಕ ಬಿಟ್ಟ, ಬಲಗಡೆಯ ಪೆಡಲನ್ನೂ ಬ್ರೇಕನ್ನೂ ಒತ್ತಿದ. ಕಾಲ ಮೀರಿತ್ತು. ದಂಡೆಯ ಬೇಲಿಯನ್ನು ಮುರಿದುಕೊಂಡು ಹೋದ ವಿಮಾನ ಕೊಲ್ಲಿಯ ನೀರಿನ ಮೇಲೆ ಮೂಗು ಚಾಚಿ ನಿಂತಿತು. ಒಳಗಿದ್ದ 132 ಮಂದಿಯಲ್ಲಿ ಯಾರೂ ಸಾಯಲಿಲ್ಲ. 29 ಪ್ರಯಾಣಿಕರಿಗೆ ಸಣ್ಣಪುಟ್ಟ ಗಾಯಗಳಾದವು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ವರದಿ ಇಲ್ಲಿ ಒಂದು ಮುಖ್ಯ ಮಾತನ್ನು ಹೇಳುತ್ತದೆ. ಹಿಮವಿದ್ದರೂ ಆ ರನ್‌ವೇಯಲ್ಲಿ ನಿಲ್ಲಲು ಸಾಕಷ್ಟು ಹಿಡಿತವಿತ್ತು. ಅಂದರೆ ವಿಮಾನವನ್ನು ಪಕ್ಕಕ್ಕೆ ಒಯ್ದದ್ದು ಹಿಮವಲ್ಲ. ನಿಲ್ಲಲಾರೆನೇನೋ ಎಂಬ ಆತಂಕದಲ್ಲಿ ಎಳೆದ ಹಿಮ್ಮುಖ ನೂಕು. ಆ ಆತಂಕವನ್ನೂ, ಏಕಕಾಲದಲ್ಲಿ ಮಾಡಬೇಕಾಗಿದ್ದ ಕೆಲಸಗಳ ಒತ್ತಡದಲ್ಲಿ ನೂಕು ಮಿತಿಮೀರಿದ್ದು ನಾಯಕನ ಗಮನಕ್ಕೆ ಒಡನೆಯೇ ಬಾರದೆ ಹೋದದ್ದನ್ನೂ ಮಂಡಳಿ ಕಾರಣಗಳ ಸಾಲಿನಲ್ಲಿ ಬರೆಯಿತು. ಆಡಳಿತದ ವರದಿಗಳಲ್ಲಿ ಮನುಷ್ಯನ ಅಂಜಿಕೆಯನ್ನು ಇಷ್ಟು ಗೌರವದಿಂದ ದಾಖಲೆ ಮಾಡಿದ್ದನ್ನು ನಾನು ಹೆಚ್ಚು ಕಡೆ ಕಂಡಿಲ್ಲ.

ಆತಂಕ ಒಂದಾದರೆ ದಣಿವು ಇನ್ನೊಂದು. ಇದೇ ವಂಶದ ಎಂಡಿ-82 ವಿಮಾನ 1999ರ ಜೂನ್ 1ರಂದು ಅಮೆರಿಕದ ಲಿಟ್ಲ್ ರಾಕ್ ನಗರದಲ್ಲಿ ಇಳಿದ ಕಥೆ ಹೆಚ್ಚು ದಾರುಣವಾದದ್ದು. ಡಲ್ಲಾಸಿನಿಂದ ರಾತ್ರಿ ಎಂಟೂವರೆಯ ಸುಮಾರಿಗೆ ಹೊರಡಬೇಕಾಗಿದ್ದ ವಿಮಾನ ಹೊರಟದ್ದು ಹತ್ತೂ ಮುಕ್ಕಾಲಿನ ಹತ್ತಿರ. ಇಳಿಯುವ ಹೊತ್ತಿಗೆ ಗಂಟೆ ಹನ್ನೆರಡಕ್ಕೆ ಹತ್ತು ನಿಮಿಷ. ನಿಲ್ದಾಣದ ಮೇಲೆ ಗುಡುಗು ಮಳೆ, ಸಂಸ್ಥೆಯ ಮಿತಿಯನ್ನು ಮೀರಿದ ಅಡ್ಡಗಾಳಿ. ಚಾಲಕರಿಬ್ಬರೂ ಎಚ್ಚರವಾಗಿ ಹದಿನಾರು ಗಂಟೆಗಳ ಮೇಲಾಗಿತ್ತು. ನಾಯಕನೇನೂ ಎಳಸಲ್ಲ, 10,000 ಗಂಟೆಗೂ ಮಿಕ್ಕಿ ಹಾರಿದವನು. ಇಳಿಯುವ ಮುನ್ನ ಸ್ಪಾಯ್ಲರುಗಳನ್ನು ಸಿದ್ಧಮಾಡಿ ಇಡಬೇಕು. ರೆಕ್ಕೆಯ ಮೇಲಿನ ಈ ಹಲಗೆಗಳು ನೆಲ ಮುಟ್ಟಿದೊಡನೆ ಎದ್ದು ನಿಂತು, ರೆಕ್ಕೆಯ ಎತ್ತುವ ಬಲವನ್ನು ಕೆಡಿಸಿ, ವಿಮಾನದ ಭಾರವನ್ನು ಚಕ್ರಗಳ ಮೇಲೆ ಕೂರಿಸುತ್ತವೆ. ಅಂದು ಅದು ಇಬ್ಬರಿಗೂ ಮರೆಯಿತು. ಹಲಗೆಗಳು ಏಳಲಿಲ್ಲ, ವಿಮಾನ ನೆಲದ ಮೇಲಿದ್ದರೂ ಅದರ ಭಾರ ಅರ್ಧ ಗಾಳಿಯಲ್ಲೇ ಇತ್ತು, ಬ್ರೇಕು ಹಿಡಿಯಲಿಲ್ಲ. ಹಿಮ್ಮುಖ ನೂಕು ಇಲ್ಲಿಯೂ 1.3ನ್ನು ಮೀರಿತು, ಚುಕ್ಕಾಣಿ ಸತ್ತಿತು. ಅಡ್ಡಡ್ಡಲಾಗಿ ತೊನೆಯುತ್ತ ಹೋದ ವಿಮಾನ ರನ್‌ವೇಯ ತುದಿ ದಾಟಿ ಅರ್ಕಾನ್ಸಾ ನದಿಯ ದಂಡೆಯಲ್ಲಿ ದೀಪಗಳ ಉಕ್ಕಿನ ಕಟ್ಟಡಕ್ಕೆ ಬಡಿದು ಒಡೆಯಿತು. ನಾಯಕನೂ 10 ಮಂದಿ ಪ್ರಯಾಣಿಕರೂ ಸತ್ತರು.

ತನಿಖೆ ಮಾಡಿದ ಮಂಡಳಿ ಮೊದಲ ಕಾರಣವಾಗಿ ಎತ್ತಿ ಹೇಳಿದ್ದು ಏನನ್ನು? ಗುಡುಗು ಮಳೆ ನಿಲ್ದಾಣವನ್ನು ಆವರಿಸಿದಾಗ ಇಳಿಯುವ ಯತ್ನವನ್ನು ಕೈಬಿಡಲಿಲ್ಲವೆಂಬುದನ್ನು. ಸ್ಪಾಯ್ಲರಿನ ಮಾತು ಅನಂತರದ್ದು. ದಣಿವಿನಿಂದಲೂ, ಹೇಗಾದರೂ ಇಳಿಯಬೇಕೆಂಬ ಹಟದಿಂದಲೂ ಅವರ ಕೆಲಸ ಕೆಟ್ಟಿತೆಂದು ಅದರ ಜೊತೆಗೇ ಬರೆದರು.

ನಮ್ಮವರಿಗೆ ಇಲ್ಲಿ ಮಂಗಳೂರು ನೆನಪಾಗದೆ ಇರದು. 2010ರ ಮೇ 22ರ ಬೆಳಗ್ಗೆ ಬಜ್ಪೆಯಲ್ಲಿ ನಡೆದದ್ದು ದಿಕ್ಕು ತಪ್ಪಿದ ಪ್ರಕರಣವಲ್ಲ, ನಿಲ್ಲಲಾರದೆ ಕೊನೆಯನ್ನು ದಾಟಿದ ಪ್ರಕರಣ. ಈ ಭೇದವನ್ನು ನಾನೇ ಮೊದಲಲ್ಲಿ ಹೇಳಿದ್ದೇನೆ. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿದ ವಿಮಾನ ಕಣಿವೆಗೆ ಬಿತ್ತು, 158 ಮಂದಿ ಸತ್ತರು, 8 ಮಂದಿ ಉಳಿದರು. ಆದರೆ ಬೇರು ಬೇರೆಯೆ? ದುಬಾಯಿಯಿಂದ ಬರುವ ದಾರಿಯಲ್ಲಿ ನಾಯಕ ಬಹಳ ಹೊತ್ತು ನಿದ್ರಿಸಿದ್ದ. ಎದ್ದ ಮೇಲೂ ನಿದ್ರೆಯ ಮಂಪರು ಅವನ ತೀರ್ಮಾನವನ್ನು ಕೆಡಿಸಿರಬೇಕೆಂದು ವಿಚಾರಣೆಯ ನ್ಯಾಯಾಲಯ ಎಣಿಸಿತು. ಇಳಿಯದೆ ಮತ್ತೆ ಮೇಲೇರಬೇಕೆಂದು ಸಹಚಾಲಕ ಬಾಯಿಬಿಟ್ಟು ಹೇಳಿದ್ದ. 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನಲ್ಲಿ, ಬೆನ್ನುಗಾಳಿಯ ಮಳೆಯಲ್ಲಿ, 21 ಜೀವಗಳನ್ನು ತೆಗೆದ ಇಳಿತದಲ್ಲಿಯೂ ಸಹಚಾಲಕನ ಅದೇ ಮಾತು ನಡೆಯಲಿಲ್ಲ.

ಹೀಗೆ ನೋಡಿದರೆ, ಪಕ್ಕಕ್ಕೆ ಹೋದ ವಿಮಾನವೂ ಕೊನೆ ದಾಟಿದ ವಿಮಾನವೂ ಹಲವು ಸಲ ದಾರಿ ತಪ್ಪಿದ್ದು ನೆಲದ ಮೇಲಲ್ಲ. ಚುಕ್ಕಾಣಿ ಸತ್ತದ್ದು ಕಡೆಯ ಹತ್ತು ಕ್ಷಣಗಳಲ್ಲಿ ನಿಜ. ಆದರೆ ದಣಿದವನನ್ನು ಹಾರಿಸಿದ್ದು ಸಂಜೆಯೇ. ತಡವಾದ ವಿಮಾನವನ್ನು ಹೇಗಾದರೂ ಮುಟ್ಟಿಸಬೇಕೆಂಬ ಅವಸರ ಹುಟ್ಟಿದ್ದು ಇನ್ನೂ ಮುಂಚೆ. ರನ್‌ವೇಯ ಸ್ಥಿತಿಯನ್ನು 'ಒದ್ದೆ', 'ಪರವಾಗಿಲ್ಲ' ಎಂದು ಬಾಯಿಮಾತಿನಲ್ಲಿ ಹೇಳುವುದರ ಬದಲು 0ಯಿಂದ 6ರ ವರೆಗಿನ ಅಂಕಗಳಲ್ಲಿ ತಿಳಿಸುವ ಪದ್ಧತಿಯನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2021ರ ನವೆಂಬರಿನಿಂದ ಜಾರಿಗೆ ತಂದದ್ದು ಈ ತಿಳಿವಳಿಕೆಯಿಂದಲೇ. ರನ್‌ವೇಯ ತುದಿಯಲ್ಲಿ ಹಗುರವಾದ ಸಿಮೆಂಟಿನ ಹಾಸು ಹಾಕಿ ಚಕ್ರಗಳು ಅದರಲ್ಲಿ ಹೂತುಹೋಗುವಂತೆ ಮಾಡುವ ಏರ್ಪಾಡೂ ಕೆಲವು ಕಡೆ ಇದೆ. 2016ರಲ್ಲಿ ಉಪಾಧ್ಯಕ್ಷ ಪದವಿಯ ಅಭ್ಯರ್ಥಿಯಾಗಿದ್ದ ಮೈಕ್ ಪೆನ್ಸ್ ಇದ್ದ ವಿಮಾನವನ್ನು ಅದೇ ಲಗ್ವಾರ್ಡಿಯಾದಲ್ಲಿ ಹಿಡಿದು ನಿಲ್ಲಿಸಿದ್ದು ಅಂಥ ಹಾಸು. ಆದರೆ ಅದು ನೇರವಾಗಿ ಬಂದವರಿಗೆ ಮಾತ್ರ. ಪಕ್ಕಕ್ಕೆ ಹೋಗುವವರಿಗೆ ಅದು ಒದಗುವುದಿಲ್ಲ.

ಇತ್ತೀಚಿನ ಒಂದು ಗದ್ದಲವನ್ನು ಈ ಬೆಳಕಿನಲ್ಲಿ ನೋಡಬೇಕೆಂದು ನನಗೆ ಅನಿಸುತ್ತದೆ. ಚಾಲಕರ ದಣಿವನ್ನು ತಗ್ಗಿಸುವುದಕ್ಕಾಗಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಹೊಸ ನಿಯಮಗಳನ್ನು ರಚಿಸಿ 2025ರಲ್ಲಿ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು; ರಾತ್ರಿಯ ಪಾಳಿಯಲ್ಲಿ ಇಳಿಸಬಹುದಾದ ವಿಮಾನಗಳ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ಡಿಸೆಂಬರಿನ ಮೊದಲ ವಾರದಲ್ಲಿ, ಬೇಕಾದಷ್ಟು ಚಾಲಕರನ್ನು ಹೊಂದಿಸಿಕೊಳ್ಳದೆ ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೊ ಸಾವಿರಾರು ಹಾರಾಟಗಳನ್ನು ರದ್ದುಮಾಡಿತು. ನಿಲ್ದಾಣಗಳಲ್ಲಿ ಜನ ಪಟ್ಟ ಪಾಡು ನಿಜವಾದದ್ದು. ಮದುವೆ ತಪ್ಪಿಸಿಕೊಂಡವರಿದ್ದಾರೆ, ಅದನ್ನು ಹಗುರವಾಗಿ ಎಣಿಸಲಾರೆ. ಆದರೆ ಒಡನೆಯೇ ಆದದ್ದೇನು? ಆ ಸಂಸ್ಥೆಗೆ ರಾತ್ರಿಯ ನಿಯಮಗಳಿಂದ ತಾತ್ಕಾಲಿಕವಾಗಿ, 2026ರ ಫೆಬ್ರವರಿ 10ರ ವರೆಗೆ, ವಿನಾಯಿತಿ ದೊರೆಯಿತು. ನಿಯಮ ಏತಕ್ಕೆ ಬಂತೆಂಬ ಪ್ರಶ್ನೆ ಆ ಕೋಲಾಹಲದಲ್ಲಿ ಹೆಚ್ಚಾಗಿ ಕೇಳಿಬರಲಿಲ್ಲ. ಆರು ಇಳಿತಗಳಲ್ಲಿ ಆರನೆಯದನ್ನು ಬೆಳಗಿನ ಜಾವ ಒದ್ದೆ ರನ್‌ವೇಯ ಮೇಲೆ ಮಾಡುವವನು ಸ್ಪಾಯ್ಲರಿನ ಸನ್ನೆಯನ್ನು ನೆನಪಿಡಬೇಕು, ಅಡ್ಡಗಾಳಿಯಲ್ಲಿ ಬ್ರೇಕು ಬಿಡಬೇಕು, ಬೇಕಾದರೆ ಮತ್ತೆ ಮೇಲೇರಬೇಕು. ಅವನಿಗೆ ನಿದ್ರೆಯಾಗಿದೆಯೇ ಎಂದು ಕೇಳುವ ಹಕ್ಕು ಮೊದಲು ಯಾರದು? ನಮ್ಮದೇ. ಆ ಹಕ್ಕನ್ನು ನಾವು ಟಿಕೆಟ್ಟಿನ ಹಣದೊಡನೆ ವಾಪಸು ಕೇಳಲಿಲ್ಲ.

ನಾನೂ ಇದಕ್ಕೆ ಹೊರತಾದವನಲ್ಲ. ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಸಂಜೆ ಬೆಂಗಳೂರಿನಿಂದ ಮಂಗಳೂರಿಗೆ ಹೊರಟಿದ್ದೆ. ಬಜ್ಪೆಯ ಮೇಲೆ ಮೋಡ ಕವಿದಿತ್ತು. ವಿಮಾನ ಇಳಿಯುತ್ತ ಇಳಿಯುತ್ತ, ಗುಡ್ಡದ ಹಸುರೂ ಕೆಂಪು ಮಣ್ಣೂ ಒಮ್ಮೆ ಕಿಟಕಿಯಲ್ಲಿ ಮಿಂಚಿದ ಮೇಲೆ, ಎಂಜಿನ್ನುಗಳು ಅಬ್ಬರಿಸಿ ನಾವು ಮತ್ತೆ ಮೋಡದೊಳಗಿದ್ದೆವು. ಇನ್ನೊಮ್ಮೆ ಪ್ರಯತ್ನಿಸಿ, ಅದೂ ಕೂಡದೆ, ವಿಮಾನವನ್ನು ಬೆಂಗಳೂರಿಗೇ ತಿರುಗಿಸಿದರು. ಪಕ್ಕದಲ್ಲಿ ಕುಳಿತಿದ್ದ ಹಿರಿಯರು, ಮಂಗಳೂರಿನ ವ್ಯಾಪಾರಸ್ಥರು, ಮಗಳ ಮನೆಗೆ ಹೊರಟವರು, ಬೇಸರದಿಂದ ಹೇಳಿದರು: "ಎಂಥದು ಮಾರಾಯ್ರೇ, ನೆಲ ಕಾಣ್ತಾ ಇತ್ತಲ್ಲ, ಇಳಿಸಿಬಿಡಬಹುದಿತ್ತು!" ನಾನು ಹೌದೆಂದೆ. ಹೌದೆಂದದ್ದು ಮಾತ್ರವಲ್ಲ, ಮರುದಿನ ಬೆಳಗ್ಗೆ ಹತ್ತು ಗಂಟೆಗೆ ನಾನು ಮಾತಾಡಬೇಕಾಗಿದ್ದ ಸಭೆಯ ವಿಚಾರವನ್ನು ಅವರಿಗೆ ವಿವರಿಸಿದೆ. ಬೆಂಗಳೂರಿನಲ್ಲಿ ಇಳಿದಾಗ ನಾಯಕ ಬಾಗಿಲ ಬಳಿ ನಿಂತಿದ್ದ. ವಯಸ್ಸು ನಾಲ್ವತ್ತರ ಆಸುಪಾಸು ಇದ್ದೀತು. ಅಂಗಿಯ ಕಂಕುಳು ಒದ್ದೆಯಾಗಿತ್ತು. ಒಬ್ಬೊಬ್ಬರಿಗೂ ಕೈ ಮುಗಿಯುತ್ತ ಕ್ಷಮೆ ಕೇಳುತ್ತಿದ್ದ. ನನ್ನ ಮುಂದಿದ್ದವರು ಅವನ ಮುಖ ನೋಡದೆ ಇಳಿದರು. ನಾನು ಗಡಿಯಾರ ನೋಡಿಕೊಂಡು ಇಳಿದೆ.